ಫ್ಲೂ ಸಾವುಗಳನ್ನು ಎಣಿಸುವುದು ಹೇಗೆ?

2009ರ ಮಾರ್ಚ್ 30ರಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಡಿಯೇಗೊ ಕೌಂಟಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬನಿಗೆ ಜ್ವರ, ಕೆಮ್ಮು, ವಾಂತಿ ಶುರುವಾಯಿತು. (ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ.) ಅದಕ್ಕೆ ಎರಡು ದಿನ ಮೊದಲು ಪಕ್ಕದ ಇಂಪೀರಿಯಲ್ ಕೌಂಟಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೂ ಜ್ವರ, ಕೆಮ್ಮು ಬಂದಿತ್ತು. ಇಬ್ಬರ ಕಾಯಿಲೆಯೂ ಅಂಥ ಗಂಭೀರವಾಗಿರಲಿಲ್ಲ. ಇಬ್ಬರೂ ಗುಣಮುಖರಾದರು. ಪ್ರತಿ ವರ್ಷ ಇಂಥ ಲಕ್ಷಾಂತರ ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ. ಯಾರೂ ಲೆಕ್ಕ ಇಡುವುದಿಲ್ಲ.

ಆದರೆ ಈ ಇಬ್ಬರ ಮೂಗು, ಗಂಟಲಿನ ದ್ರವದ ಮಾದರಿಗಳು ಪ್ರಯೋಗಾಲಯ ಸೇರಿದ್ದವು. ಹುಡುಗನನ್ನು ನೋಡಿದ ಚಿಕಿತ್ಸಾಲಯದಲ್ಲಿ ಫ್ಲೂ ಪತ್ತೆಯ ಹೊಸ ಸಾಧನವೊಂದರ ಪರೀಕ್ಷೆ ನಡೆದಿತ್ತು. ಹುಡುಗಿಯನ್ನು ನೋಡಿದ ಚಿಕಿತ್ಸಾಲಯ ಗಡಿ ಪ್ರದೇಶದ ಸೋಂಕುರೋಗಗಳ ಕಣ್ಗಾವಲು ಯೋಜನೆಗೆ ಸೇರಿತ್ತು. ಎರಡೂ ಮಾದರಿಗಳಲ್ಲಿ ಇನ್‌ಫ್ಲುಯೆಂಜಾ 'ಎ' ವೈರಸ್ ಇತ್ತು. ಆದರೆ ಮನುಷ್ಯರಲ್ಲಿ ಆಗ ಸಾಮಾನ್ಯವಾಗಿದ್ದ ಎಚ್1 ಅಥವಾ ಎಚ್3 ಉಪಬಗೆಗಳಿಗೆ ಅದು ಹೊಂದಲಿಲ್ಲ. ಯಾವ ಪಟ್ಟಿಗೂ ಸೇರದ ಈ ಉತ್ತರವೇ ಮುಖ್ಯ ಸುಳಿವಾಯಿತು. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ (ಸಿ.ಡಿ.ಸಿ.) ಏಪ್ರಿಲ್ 15ರಂದು ಮೊದಲನೆಯದನ್ನು, 17ರಂದು ಎರಡನೆಯದನ್ನು ಹಂದಿಗಳ ಫ್ಲೂ ವೈರಸ್ಸಿಗೆ ಸಂಬಂಧಿಸಿದ ಹೊಸ ತಳಿಯೆಂದು ಗುರುತಿಸಿತು. ಇಬ್ಬರು ಮಕ್ಕಳೂ ಹಂದಿಗಳ ಸಂಪರ್ಕಕ್ಕೆ ಬಂದಿರಲಿಲ್ಲ. ಅವರಿಬ್ಬರ ನಡುವೆ ಪರಿಚಯವೂ ಇರಲಿಲ್ಲ. ಹಾಗಿದ್ದರೆ ವೈರಸ್ ಆಗಲೇ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತಿರಬೇಕು. ಎಷ್ಟು ಜನರಿಗೆ ಹರಡಿದೆ? ಎಷ್ಟು ಜನ ಸಾಯಬಹುದು?

ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು. ಮೇಲಿನ ಎರಡು ಪ್ರಶ್ನೆಗಳು ಕೇಳಲು ಸರಳ. ಆದರೆ ಸುಮಾರು ಮೂರು ಕೋಟಿ ಎಪ್ಪತ್ತು ಲಕ್ಷ ಜನರಿದ್ದ ಒಂದು ರಾಜ್ಯದಲ್ಲಿ ಇವಕ್ಕೆ ಉತ್ತರ ಹುಡುಕುವುದು ಸುಲಭವಲ್ಲ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಕಾಯಿಲೆಯ ಪಿರಮಿಡ್ಡು

ಒಂದು ಪಿರಮಿಡ್ಡನ್ನು ಕಲ್ಪಿಸಿಕೊಳ್ಳಿ. ಅದರ ತಳದಲ್ಲಿ ಸೋಂಕು ತಗಲಿದ ಎಲ್ಲರೂ ಇದ್ದಾರೆ. ಅವರಲ್ಲಿ ಕೆಲವರಿಗೆ ರೋಗಲಕ್ಷಣವೇ ಇರುವುದಿಲ್ಲ. ಲಕ್ಷಣವಿದ್ದವರಲ್ಲಿ ಬಹಳ ಮಂದಿ ಕಷಾಯ ಕುಡಿದು, ಮಾತ್ರೆ ನುಂಗಿ ಮನೆಯಲ್ಲೇ ಮಲಗುತ್ತಾರೆ. ಒಂದು ಭಾಗ ಮಾತ್ರ ವೈದ್ಯರ ಬಳಿ ಹೋಗುತ್ತದೆ. ಅವರಲ್ಲಿ ಕೆಲವರಿಂದ ಮಾತ್ರ ಗಂಟಲು ದ್ರವದ ಮಾದರಿ ತೆಗೆಯುತ್ತಾರೆ. ಮಾದರಿ ಕೊಟ್ಟವರೆಲ್ಲರಲ್ಲೂ ವೈರಸ್ ಪತ್ತೆಯಾಗುವುದಿಲ್ಲ. ತಡವಾಗಿ ತೆಗೆದ ಮಾದರಿಯಲ್ಲಿ ಅದು ಉಳಿದಿರದೇ ಇರಬಹುದು. ಹೀಗೆ ಮೇಲಕ್ಕೆ ಹೋದಂತೆ ಪಿರಮಿಡ್ಡು ಕಿರಿದಾಗುತ್ತದೆ. ಅದರ ತುದಿಯಲ್ಲಿ 'ಪ್ರಯೋಗಾಲಯದಲ್ಲಿ ದೃಢಪಟ್ಟ ಪ್ರಕರಣ'ಗಳಿವೆ. ಪತ್ರಿಕೆಗಳಲ್ಲಿ ನಾವು ಓದುವ ಸಂಖ್ಯೆ ಈ ತುದಿಯದು.

ಇನ್ನೊಂದು ತೊಡಕು ಜ್ವರದ ಸ್ವಭಾವದಲ್ಲೇ ಇದೆ. ಫ್ಲೂ ಬಂದವನ ಜ್ವರ, ಕೆಮ್ಮು ಬೇರೆ ಹಲವು ವೈರಸ್ಸುಗಳ ಸೋಂಕಿನಲ್ಲೂ ಹಾಗೆಯೇ ಇರುತ್ತವೆ. ಆದ್ದರಿಂದ ಲೆಕ್ಕಕ್ಕೆ ಒಂದು ಖಚಿತ ವ್ಯಾಖ್ಯೆ ಬೇಕು. ಅಮೆರಿಕದಲ್ಲಿ ಬಳಸಿದ ವ್ಯಾಖ್ಯೆಯ ಪ್ರಕಾರ 100 ಡಿಗ್ರಿ ಫ್ಯಾರನ್‌ಹೀಟ್ (37.8 ಡಿಗ್ರಿ ಸೆಲ್ಸಿಯಸ್) ಅಥವಾ ಹೆಚ್ಚಿನ ಜ್ವರ, ಜೊತೆಗೆ ಕೆಮ್ಮು ಅಥವಾ ಗಂಟಲು ನೋವು ಇದ್ದು, ಅದಕ್ಕೆ ಬೇರೆ ಕಾರಣ ಕಂಡುಬರದಿದ್ದರೆ ಅದು 'ಫ್ಲೂ ತರಹದ ಕಾಯಿಲೆ'. ಗಮನಿಸಿ, ಇದು ಫ್ಲೂ ಅಲ್ಲ, ಫ್ಲೂ ತರಹದ್ದು.

ಒಂದಕ್ಕಿಂತ ಹೆಚ್ಚು ಕಿಟಕಿ

ಇಡೀ ಪಿರಮಿಡ್ಡನ್ನು ನೇರವಾಗಿ ನೋಡುವ ಉಪಾಯ ಇಲ್ಲ. ಆದ್ದರಿಂದ ಆರೋಗ್ಯ ಇಲಾಖೆಗಳು ಬೇರೆ ಬೇರೆ ಎತ್ತರಗಳಲ್ಲಿ ಕಿಟಕಿಗಳನ್ನು ಇಟ್ಟುಕೊಂಡಿರುತ್ತವೆ.

ಮೊದಲ ಕಿಟಕಿ ಕಾವಲು ವೈದ್ಯರದು. ರಾಜ್ಯದ ಎಲ್ಲ ವೈದ್ಯರನ್ನೂ ಕೇಳುವ ಬದಲು, ಒಪ್ಪಿಕೊಂಡ ಕೆಲವರಿಂದ ಪ್ರತಿ ವಾರ ಎರಡು ಸಂಖ್ಯೆಗಳನ್ನು ಪಡೆಯುತ್ತಾರೆ. ಆ ವಾರ ಬಂದ ಒಟ್ಟು ರೋಗಿಗಳೆಷ್ಟು? ಅವರಲ್ಲಿ ಫ್ಲೂ ತರಹದ ಕಾಯಿಲೆ ಇದ್ದವರೆಷ್ಟು? ಇವುಗಳಿಂದ ಶೇಕಡಾ ಪ್ರಮಾಣ ಸಿಗುತ್ತದೆ.

ಎರಡನೆಯ ಕಿಟಕಿ ಪ್ರಯೋಗಾಲಯದ್ದು. ಪರೀಕ್ಷಿಸಿದ ಮಾದರಿಗಳೆಷ್ಟು, ಅವುಗಳಲ್ಲಿ ಫ್ಲೂ ವೈರಸ್ ಇದ್ದದ್ದು ಎಷ್ಟರಲ್ಲಿ, ಯಾವ ಉಪಬಗೆ ಎಂಬುದನ್ನು ಇದು ಹೇಳುತ್ತದೆ. ಮೂರನೆಯದು ಆಸ್ಪತ್ರೆಗೆ, ಅದರಲ್ಲೂ ತೀವ್ರ ನಿಗಾ ಘಟಕಕ್ಕೆ ಸೇರಿದವರ ಲೆಕ್ಕ. ನಾಲ್ಕನೆಯದು ಸಾವಿನ ಲೆಕ್ಕ.

ಒಂದೇ ಕಿಟಕಿಯನ್ನು ನಂಬಿದರೆ ಮೋಸ ಹೋಗಬಹುದು. ಉದಾಹರಣೆಗೆ, ಪತ್ರಿಕೆಗಳಲ್ಲಿ ಫ್ಲೂ ಸುದ್ದಿ ದಪ್ಪ ಅಕ್ಷರಗಳಲ್ಲಿ ಬಂದೊಡನೆ, ಸಾಧಾರಣ ಕೆಮ್ಮಿದ್ದವರೂ ವೈದ್ಯರ ಬಳಿ ಓಡುತ್ತಾರೆ. ಫ್ಲೂ ಹೆಚ್ಚದಿದ್ದರೂ ಮೊದಲ ಕಿಟಕಿಯ ಅಂಕಿ ಏರುತ್ತದೆ. ಅದನ್ನು ಎರಡನೆಯ ಕಿಟಕಿಯೊಡನೆ ಸೇರಿಸಿ ನೋಡಬೇಕು. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ವಾರ 1,000 ರೋಗಿಗಳಲ್ಲಿ 60 ಮಂದಿಗೆ ಫ್ಲೂ ತರಹದ ಕಾಯಿಲೆ ಇತ್ತು. ಅವರಲ್ಲಿ 50 ಮಂದಿಯ ಮಾದರಿ ಪರೀಕ್ಷಿಸಿದಾಗ 5ರಲ್ಲಿ ವೈರಸ್ ಸಿಕ್ಕಿತು, ಅಂದರೆ ಶೇ 10. ಆ 60ರಲ್ಲಿ ನಿಜವಾದ ಫ್ಲೂ ಸುಮಾರು 6 ಮಂದಿಗೆ. ಮುಂದಿನ ವಾರ ಅಷ್ಟೇ ರೋಗಿಗಳಲ್ಲಿ 80 ಮಂದಿಗೆ ಅಂಥ ಕಾಯಿಲೆ. 50 ಮಾದರಿಗಳಲ್ಲಿ 20ರಲ್ಲಿ ವೈರಸ್, ಅಂದರೆ ಶೇ 40. ಈಗ ಫ್ಲೂ ಇರುವವರು ಸುಮಾರು 32. ಜ್ವರದವರು 60ರಿಂದ 80ಕ್ಕೆ ಏರಿದ್ದಾರೆ, ಅಷ್ಟೆ. ಆದರೆ ಫ್ಲೂ ಐದು ಪಟ್ಟಿಗಿಂತ ಹೆಚ್ಚಾಗಿದೆ!

ಆಗ ಪ್ರತಿ ವಾರ ಅಮೆರಿಕದ ಪ್ರತಿಯೊಂದು ರಾಜ್ಯವೂ ಫ್ಲೂ ತನ್ನ ನೆಲದಲ್ಲಿ ಎಷ್ಟು ವಿಸ್ತಾರಕ್ಕೆ ಹರಡಿದೆ ಎಂಬುದನ್ನು ಐದು ಹಂತಗಳಲ್ಲಿ ತಿಳಿಸುತ್ತಿತ್ತು: ಇಲ್ಲ, ಅಲ್ಲಲ್ಲಿ, ಸ್ಥಳೀಯ, ಪ್ರಾದೇಶಿಕ, ವ್ಯಾಪಕ. ರಾಜ್ಯದ ಕನಿಷ್ಠ ಅರ್ಧದಷ್ಟು ವಲಯಗಳಲ್ಲಿ ಕಾಯಿಲೆ ಹೆಚ್ಚಿದ್ದು, ಪ್ರಯೋಗಾಲಯದ ಆಧಾರವೂ ಇದ್ದರೆ ಅದು 'ವ್ಯಾಪಕ'. 2009ರ ಅಕ್ಟೋಬರ್ ಕೊನೆಯ ಹೊತ್ತಿಗೆ 48 ರಾಜ್ಯಗಳು 'ವ್ಯಾಪಕ' ಎಂದು ವರದಿ ಮಾಡಿದ್ದವು. ಈ ಮಾತು ಹರಡುವಿಕೆಯನ್ನು ಹೇಳುತ್ತದೆಯೇ ಹೊರತು ತೀವ್ರತೆಯನ್ನಲ್ಲ. ಸೌಮ್ಯವಾದ ಕಾಯಿಲೆಯೂ ವ್ಯಾಪಕವಾಗಿರಬಹುದು.

ಒಬ್ಬೊಬ್ಬರನ್ನೂ ಎಣಿಸುವುದನ್ನು ಬಿಟ್ಟದ್ದೇಕೆ?

ಪಿಡುಗಿನ ಆರಂಭದಲ್ಲಿ ಪ್ರತಿ ಪ್ರಕರಣವನ್ನೂ ಎಣಿಸಬೇಕು. ರೋಗ ಎಲ್ಲಿಂದ ಎಲ್ಲಿಗೆ ಸಾಗಿತು, ಯಾರಿಗೆ ಹೆಚ್ಚು ತಗಲುತ್ತದೆ ಎಂಬುದು ತಿಳಿಯುವುದು ಹಾಗೆಯೇ. ಆದರೆ ಸಾವಿರಾರು ಜನರಿಗೆ ಕಾಯಿಲೆ ಬಂದಾಗ ಪ್ರಯೋಗಾಲಯಗಳು ಮಾದರಿಗಳಲ್ಲಿ ಮುಳುಗಿಹೋಗುತ್ತವೆ. ಆಗ ದೃಢಪಟ್ಟ ಪ್ರಕರಣಗಳ ಸಂಖ್ಯೆ ರೋಗವನ್ನು ಅಳೆಯುವುದಿಲ್ಲ, ಪ್ರಯೋಗಾಲಯಗಳ ಸಾಮರ್ಥ್ಯವನ್ನು ಅಳೆಯುತ್ತದೆ. ಹೀಗಾಗಿ 2009ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಿ.ಡಿ.ಸಿ.ಯೂ ಬಿಡಿ ಪ್ರಕರಣಗಳ ಎಣಿಕೆಯನ್ನು ಕೈಬಿಟ್ಟವು. ಜುಲೈ 24ರ ಸಿ.ಡಿ.ಸಿ.ಯ ಕೊನೆಯ ಲೆಕ್ಕದಲ್ಲಿ ಅಮೆರಿಕದಲ್ಲಿ 43,771 ಪ್ರಕರಣಗಳು, 302 ಸಾವುಗಳು ಇದ್ದವು. ನಿಜವಾದ ಸೋಂಕು ಇದರ ಎಷ್ಟೋ ಪಟ್ಟು ಇತ್ತೆಂಬುದು ಆಗಲೇ ತಜ್ಞರಿಗೆ ಗೊತ್ತಿತ್ತು.

ಎಣಿಕೆ ಬಿಟ್ಟರೆಂದರೆ ಕಣ್ಗಾವಲು ಬಿಟ್ಟರೆಂದಲ್ಲ. ಗಮನ ಪಿರಮಿಡ್ಡಿನ ಮೇಲ್ಭಾಗಕ್ಕೆ ಹೋಯಿತು. ಆಸ್ಪತ್ರೆ ಸೇರಿದವರನ್ನೂ ಸತ್ತವರನ್ನೂ ತಪ್ಪದೆ ಲೆಕ್ಕ ಹಾಕುವುದು ಮುಂದುವರಿಯಿತು.

ಕ್ಯಾಲಿಫೋರ್ನಿಯ ಕಲಿತದ್ದು

ಕ್ಯಾಲಿಫೋರ್ನಿಯದಲ್ಲಿ 58 ಕೌಂಟಿಗಳಿವೆ. ಮೂರು ನಗರಗಳಿಗೆ ತಮ್ಮದೇ ಆರೋಗ್ಯ ಇಲಾಖೆಗಳಿರುವುದರಿಂದ, ರಾಜ್ಯಕ್ಕೆ ವರದಿ ಕಳಿಸುವ ಸ್ಥಳೀಯ ಘಟಕಗಳು ಒಟ್ಟು 61. ಇವುಗಳ ಮೂಲಕ 2009ರ ಏಪ್ರಿಲ್ 23ರಿಂದ ಆಗಸ್ಟ್ 11ರವರೆಗೆ ಆಸ್ಪತ್ರೆ ಸೇರಿದ ಅಥವಾ ಸತ್ತ 1,088 ಮಂದಿಯ ವಿವರಗಳು ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಗೆ ಬಂದವು. ಅವರಲ್ಲಿ 118 ಮಂದಿ ಸತ್ತರು. ಸುಮಾರು ಶೇ 31ರಷ್ಟು ಮಂದಿಗೆ ತೀವ್ರ ನಿಗಾ ಘಟಕ ಬೇಕಾಯಿತು.

ಆ ವಿವರಗಳು ಹೇಳಿದ ಮೊದಲ ಸಂಗತಿ ವಯಸ್ಸಿನದು. 1,088 ಮಂದಿಯನ್ನು ವಯಸ್ಸಿನ ಕ್ರಮದಲ್ಲಿ ನಿಲ್ಲಿಸಿದರೆ ನಡುವಿನವರ ವಯಸ್ಸು 27. ಪ್ರತಿ ವರ್ಷದ ಫ್ಲೂನಲ್ಲಿ ಅಲ್ಲಿ ಸಾಯುವವರು ಬಹುಪಾಲು 65 ದಾಟಿದವರು. ಈ ಬಾರಿ ಆಸ್ಪತ್ರೆ ತುಂಬಿದವರು ಮಕ್ಕಳು, ಯುವಕರು, ನಡುವಯಸ್ಕರು. ಹಾಗೆಂದು ಹಿರಿಯರು ಸುರಕ್ಷಿತರೇ? ಅಲ್ಲ. ಅವರಿಗೆ ಕಾಯಿಲೆ ತಗಲಿದ್ದು ಕಡಿಮೆ. ಆದರೆ ಆಸ್ಪತ್ರೆ ಸೇರಿದವರಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚಾಗಿದ್ದದ್ದು 50 ದಾಟಿದವರಲ್ಲೇ.

ಎರಡನೆಯ ಸಂಗತಿ ಪರೀಕ್ಷೆಯದು. ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಕ್ಷಿಪ್ರ ಆಂಟಿಜೆನ್ ಪರೀಕ್ಷೆ ಮಾಡಿಸಿಕೊಂಡ ರೋಗಿಗಳಲ್ಲಿ ಶೇ 34ರಷ್ಟು ಮಂದಿಗೆ 'ಫ್ಲೂ ಇಲ್ಲ' ಎಂಬ ಉತ್ತರ ಬಂದಿತ್ತು. ಇವರೆಲ್ಲರಿಗೂ ಫ್ಲೂ ಇತ್ತು! ಕ್ಷಿಪ್ರ ಪರೀಕ್ಷೆ ವೈರಸ್ಸಿನ ಪ್ರೋಟೀನನ್ನು ಇದ್ದ ಹಾಗೆಯೇ ಹುಡುಕುತ್ತದೆ. ಅದು ಸಾಕಷ್ಟು ಪ್ರಮಾಣದಲ್ಲಿ ಇರದಿದ್ದರೆ ಪಟ್ಟಿಯ ಮೇಲೆ ಗೆರೆ ಮೂಡದು. ಆರ್‌ಟಿ-ಪಿಸಿಆರ್ ಪರೀಕ್ಷೆಯಾದರೋ ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎಗೆ ಪರಿವರ್ತಿಸಿ, ಅದನ್ನು ಮತ್ತೆ ಮತ್ತೆ ಇಮ್ಮಡಿಗೊಳಿಸಿ ನೋಡುತ್ತದೆ. ಹಾಗಾಗಿ ಅತ್ಯಲ್ಪ ವೈರಸ್ ಇದ್ದರೂ ಸಿಕ್ಕಿಬೀಳುತ್ತದೆ. ಆದರೆ ಸಮಯ ಹೆಚ್ಚು ಬೇಕು.

ಇದು ಬರೀ ತಾಂತ್ರಿಕ ವಿಷಯವಲ್ಲ. ಕ್ಷಿಪ್ರ ಪರೀಕ್ಷೆಯನ್ನು ನಂಬಿ ವೈದ್ಯರು ಔಷಧ ತಡೆಹಿಡಿದರೆ ಏನಾಗುತ್ತದೆ? ಇದಕ್ಕೂ ರಾಜ್ಯದ ದಾಖಲೆಗಳಲ್ಲೇ ಉತ್ತರ ಸಿಕ್ಕಿತು. 2009ರ ಏಪ್ರಿಲ್‌ನಿಂದ 2010ರ ಆಗಸ್ಟ್‌ವರೆಗೆ ತೀವ್ರ ನಿಗಾ ಘಟಕ ಸೇರಿದ 1,859 ಮಂದಿಯ ಚಿಕಿತ್ಸೆಯನ್ನು ಅಲ್ಲಿನ ತಜ್ಞರು ಪರಿಶೀಲಿಸಿದರು. ಓಸೆಲ್ಟಮಿವಿರ್‌ನಂಥ ವೈರಸ್ ನಿರೋಧಕ ಔಷಧ ಪಡೆದವರಲ್ಲಿ ಶೇ 75ರಷ್ಟು ಮಂದಿ ಬದುಕಿದ್ದರು. ಪಡೆಯದವರಲ್ಲಿ ಬದುಕಿದವರು ಶೇ 58. ಬೇಗ ಪಡೆದವರಿಗೆ ಲಾಭ ಹೆಚ್ಚು. ಇದು ಪ್ರಯೋಗವಲ್ಲ, ದಾಖಲೆಗಳ ಅವಲೋಕನ. ಎರಡು ಗುಂಪುಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದಿರಬಹುದು. ಆದರೂ ಸಂದೇಶ ಸ್ಪಷ್ಟ: ಕಾಯಿಲೆ ಗಂಭೀರವಾಗಿದ್ದರೆ ಪರೀಕ್ಷೆಯ ಉತ್ತರಕ್ಕೆ ಕಾಯಬಾರದು. ಕೌಂಟಿಗಳ ಸಿಬ್ಬಂದಿ ಒಂದೊಂದೇ ರೋಗಿಯ ವಿವರ ತುಂಬದಿದ್ದರೆ ಈ ತಿಳಿವಳಿಕೆ ಬರುತ್ತಿರಲಿಲ್ಲ.

ಸಾವಿನ ಮೂರು ಲೆಕ್ಕ

ಫ್ಲೂ ಸಾವನ್ನು ಎಣಿಸಲು ಮೂರು ದಾರಿಗಳಿವೆ. ಒಂದು, ಪ್ರಯೋಗಾಲಯದಲ್ಲಿ ದೃಢಪಟ್ಟ ಸಾವುಗಳು. ಇದು ಖಚಿತ, ಆದರೆ ಅಪೂರ್ಣ. ಎರಡು, ಮರಣ ಪ್ರಮಾಣಪತ್ರಗಳಲ್ಲಿ ನ್ಯುಮೋನಿಯ ಅಥವಾ ಇನ್‌ಫ್ಲುಯೆಂಜಾ ಎಂದು ಬರೆದ ಸಾವುಗಳು. ಆಗ ಅಮೆರಿಕದ 122 ನಗರಗಳು ಪ್ರತಿ ವಾರ ಈ ಲೆಕ್ಕ ಕಳಿಸುತ್ತಿದ್ದವು. ಆ ವ್ಯವಸ್ಥೆ 2016ರವರೆಗೆ ನಡೆಯಿತು. ಇದು ವಿಶಾಲವಾದ ಲೆಕ್ಕ, ಆದರೆ ಇದರಲ್ಲಿ ಫ್ಲೂಗೆ ಸಂಬಂಧವಿಲ್ಲದ ನ್ಯುಮೋನಿಯವೂ ಸೇರುತ್ತದೆ. ಫ್ಲೂ ಬಂದು ಹೃದಯಾಘಾತದಿಂದ ಸತ್ತವನು ಇದರಲ್ಲಿ ಬಿಟ್ಟುಹೋಗುತ್ತಾನೆ.

ಮೂರನೆಯದು 'ಹೆಚ್ಚುವರಿ ಸಾವು'. ಇದು ಹಳೆಯ ವಿಚಾರ. 1847ರಲ್ಲಿ ಲಂಡನ್ನಿನಲ್ಲಿ ಫ್ಲೂ ಹಬ್ಬಿದಾಗ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞ ಸಾವುಗಳ ದಾಖಲೆಗಳನ್ನು ಹಿಂದಿನ ವರ್ಷಗಳ ಸಾಮಾನ್ಯ ಮಟ್ಟದೊಡನೆ ಹೋಲಿಸಿದ. ಯಾರು ಯಾವುದರಿಂದ ಸತ್ತರು ಎಂದು ಕೇಳುವ ಬದಲು, ಸಾಮಾನ್ಯವಾಗಿ ಸಾಯುತ್ತಿದ್ದವರಿಗಿಂತ ಎಷ್ಟು ಮಂದಿ ಹೆಚ್ಚು ಸತ್ತರು ಎಂದು ಕೇಳಿದ.

ತರಗತಿಯಲ್ಲಿ ಮಾಡಬಹುದಾದ ಒಂದು ಕಾಲ್ಪನಿಕ ಲೆಕ್ಕ ಇಲ್ಲಿದೆ. ಒಂದು ಊರಿನಲ್ಲಿ ಕಳೆದ ಐದು ವರ್ಷ ಒಂದು ನಿರ್ದಿಷ್ಟ ವಾರದಲ್ಲಿ ಆದ ಸಾವುಗಳು 98, 104, 101, 97, 100. ಸರಾಸರಿ 100. ಮಾನಕ ವಿಚಲನೆ ಸುಮಾರು 2.7. ಸರಾಸರಿಗೆ ಮಾನಕ ವಿಚಲನೆಯ 1.645 ಪಟ್ಟನ್ನು ಕೂಡಿಸಿದರೆ ಸುಮಾರು 104.5 ಬರುತ್ತದೆ. ಸಾವುಗಳ ಸಂಖ್ಯೆ ಇದನ್ನು ಆಕಸ್ಮಿಕವಾಗಿ ದಾಟುವ ಸಂಭವ ಸುಮಾರು ಶೇ 5 ಮಾತ್ರ. ಆದ್ದರಿಂದ ಇದು ಎಚ್ಚರಿಕೆಯ ಗೆರೆ. ಈ ವರ್ಷ ಅದೇ ವಾರ 130 ಸಾವುಗಳಾದರೆ ಗೆರೆ ದಾಟಿದೆ ಎಂದು ಅರ್ಥ. ಹೆಚ್ಚುವರಿ ಸಾವುಗಳು 130ರಲ್ಲಿ 100 ಕಳೆದರೆ 30. ಅದೇ ವಾರ ಪರೀಕ್ಷೆಯಿಂದ ದೃಢಪಟ್ಟ ಫ್ಲೂ ಸಾವುಗಳು 6 ಇರಬಹುದು. ಉಳಿದ 24 ಎಲ್ಲಿ ಹೋದವು? ಕೆಲವರ ಮಾದರಿ ತೆಗೆದಿರಲಿಲ್ಲ. ಕೆಲವರ ಪ್ರಮಾಣಪತ್ರದಲ್ಲಿ ಹೃದ್ರೋಗ, ಶ್ವಾಸಕೋಶದ ಕಾಯಿಲೆ ಎಂದಿತ್ತು. ಕೆಲವು ಫ್ಲೂಗೆ ಸಂಬಂಧಿಸದೆಯೂ ಇರಬಹುದು.

ನಿಜವಾದ ಲೆಕ್ಕ ಇಷ್ಟು ಸರಳವಲ್ಲ. ಚಳಿಗಾಲದಲ್ಲಿ ಸಾವುಗಳು ತಾವಾಗಿಯೇ ಏರುತ್ತವೆ, ಬೇಸಿಗೆಯಲ್ಲಿ ಇಳಿಯುತ್ತವೆ. ಆ ಏರಿಳಿತವನ್ನು ಸೈನ್, ಕೊಸೈನ್ ಪದಗಳಿರುವ ಸಮೀಕರಣದಿಂದ ಹೊಂದಿಸುವ ವಿಧಾನವನ್ನು 1963ರಲ್ಲಿ ರಾಬರ್ಟ್ ಸರ್ಫ್ಲಿಂಗ್ ಪ್ರಕಟಿಸಿದರು. ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದನ್ನು ಹೇಳಬಹುದು.

2009ರ ಪಿಡುಗಿನಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟು ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಸಾವುಗಳು 18,449. 2012ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, ಮೊದಲ ಹನ್ನೆರಡು ತಿಂಗಳಲ್ಲಿ ಸಂಭವಿಸಿದ ಸಾವುಗಳು ಸುಮಾರು 2,84,500. ಅಂದರೆ ಹದಿನೈದು ಪಟ್ಟು! ಈ ಅಂದಾಜಿನ ವ್ಯಾಪ್ತಿಯೂ ದೊಡ್ಡದು: 1,51,700ರಿಂದ 5,75,400. ಸತ್ತವರಲ್ಲಿ ಶೇ 80ರಷ್ಟು ಮಂದಿ 65ರ ಒಳಗಿನವರು.

ಭಾಗಿಸುವ ಮುನ್ನ

ಕ್ಯಾಲಿಫೋರ್ನಿಯದ 118ನ್ನು 1,088ರಿಂದ ಭಾಗಿಸಿದರೆ ಸುಮಾರು ಶೇ 11. ಹಾಗಾದರೆ ಆ ಫ್ಲೂ ಬಂದ ನೂರು ಮಂದಿಯಲ್ಲಿ 11 ಮಂದಿ ಸತ್ತರೇ? ಖಂಡಿತ ಇಲ್ಲ. ಇಲ್ಲಿ ಛೇದದಲ್ಲಿರುವುದು ಆಸ್ಪತ್ರೆ ಸೇರಿದವರು ಅಥವಾ ಸತ್ತವರು ಮಾತ್ರ. ಇಡೀ ಅಮೆರಿಕದಲ್ಲಿ 2009ರ ಏಪ್ರಿಲ್‌ನಿಂದ ಒಂದು ವರ್ಷದಲ್ಲಿ ಸುಮಾರು 6.08 ಕೋಟಿ ಮಂದಿಗೆ ಈ ಫ್ಲೂ ಬಂದು, 12,469 ಮಂದಿ ಸತ್ತರೆಂಬುದು ಸಿ.ಡಿ.ಸಿ.ಯ ಅಂದಾಜು. ಅಂದರೆ ಹತ್ತು ಸಾವಿರಕ್ಕೆ ಇಬ್ಬರು. ವೈರಸ್ ಒಂದೇ, ದೇಶ ಒಂದೇ. ಛೇದ ಬದಲಾದೊಡನೆ ಉತ್ತರ ಐನೂರು ಪಟ್ಟಿಗಿಂತ ಹೆಚ್ಚು ಬದಲಾಯಿತು.

ಈ ಭಾಗಾಕಾರದ ಮೇಲೆ ದೊಡ್ಡ ತೀರ್ಮಾನಗಳು ನಿಂತಿರುತ್ತವೆ. 2009ರ ಮೇ ಮೊದಲ ದಿನಗಳಲ್ಲಿ, ಸೋಂಕು ಕಂಡ ಶಾಲೆಗಳನ್ನು ಎರಡು ವಾರ ಮುಚ್ಚಬೇಕೆಂದು ಸಿ.ಡಿ.ಸಿ. ಸಲಹೆ ಮಾಡಿತ್ತು. ಕಾಯಿಲೆ ಮೊದಲು ಹೆದರಿದಷ್ಟು ತೀವ್ರವಲ್ಲವೆಂದು ಕಂಡ ಮೇಲೆ, ಮೇ 5ರಂದು ಆ ಸಲಹೆಯನ್ನು ಬದಲಿಸಿತು. ಕಾಯಿಲೆ ಬಂದ ಮಕ್ಕಳು ಮನೆಯಲ್ಲಿರಲಿ, ಶಾಲೆ ನಡೆಯಲಿ ಎಂದಿತು.

ಇನ್ನೊಂದು ಎಚ್ಚರಿಕೆ. ರೋಗಿಗಳ ಸಂಖ್ಯೆಯ ರೇಖಾಚಿತ್ರದಲ್ಲಿ ಕೊನೆಯ ಒಂದೆರಡು ವಾರ ಇಳಿದಂತೆ ಕಂಡರೆ ಒಡನೆಯೇ ಸಮಾಧಾನಪಡಬಾರದು. ಕಾಯಿಲೆ ಶುರುವಾದ ದಿನಕ್ಕೂ ವರದಿ ಬರುವ ದಿನಕ್ಕೂ ಅಂತರವಿರುತ್ತದೆ. ಆ ವಾರಗಳ ವರದಿಗಳು ಇನ್ನೂ ದಾರಿಯಲ್ಲಿರಬಹುದು.

ನಮ್ಮಲ್ಲಿ

ಭಾರತದಲ್ಲಿ ಈ ಫ್ಲೂ 2009ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಮೊದಲು ದೃಢಪಟ್ಟಿತು. ಆಗಸ್ಟ್‌ನಲ್ಲಿ ಪುಣೆಯ 14 ವರ್ಷದ ವಿದ್ಯಾರ್ಥಿನಿಯ ಸಾವು ದೇಶದಲ್ಲಿ ಮೊದಲನೆಯದಾಗಿ ವರದಿಯಾಯಿತು. ಅದೇ ತಿಂಗಳು ಬೆಂಗಳೂರಿನಲ್ಲೂ ಸಾವು ಸಂಭವಿಸಿತು. ಪತ್ರಿಕೆಗಳು ಇದನ್ನು 'ಹಂದಿಜ್ವರ' ಎಂದು ಕರೆದವು. ಹಂದಿಗಳಿಂದ ಬಂದ ಜೀನ್‌ಗಳಿದ್ದರೂ ಅದು ಹರಡಿದ್ದು ಮನುಷ್ಯರಿಂದ ಮನುಷ್ಯರಿಗೆ. ಪಿಡುಗು ಮುಗಿಯಿತೆಂದು 2010ರ ಆಗಸ್ಟ್ 10ರಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದರೂ ವೈರಸ್ ಹೋಗಲಿಲ್ಲ. ಅದರ ವಂಶಜರು ಈಗ ಋತುಮಾನದ ಫ್ಲೂ ಆಗಿ ನಮ್ಮ ನಡುವೆಯೇ ಇದ್ದಾರೆ.

ನಮ್ಮಲ್ಲೂ ಕಿಟಕಿಗಳಿವೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಪ್ರತಿ ವಾರ ಮೂರು ನಮೂನೆಗಳನ್ನು ತುಂಬುವ ಪದ್ಧತಿ ಬಂತು. ಹಳ್ಳಿಯ ಆರೋಗ್ಯ ಕಾರ್ಯಕರ್ತರು ಲಕ್ಷಣಗಳನ್ನು ನೋಡಿ 'ಎಸ್' ನಮೂನೆ, ವೈದ್ಯರು ತಮ್ಮ ಪರೀಕ್ಷೆಯ ಆಧಾರದಿಂದ 'ಪಿ' ನಮೂನೆ, ಪ್ರಯೋಗಾಲಯದವರು ದೃಢಪಟ್ಟದ್ದಕ್ಕೆ 'ಎಲ್' ನಮೂನೆ ತುಂಬುತ್ತಾರೆ. ಪಿರಮಿಡ್ಡಿನ ಮೂರು ಮಟ್ಟಗಳು ಇವೇ. 2018ರಲ್ಲಿ ಇದನ್ನು ಕಂಪ್ಯೂಟರ್ ಜಾಲಕ್ಕೆ ಒಯ್ದಾಗ ಮೊದಲ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ನಮ್ಮ ದುರ್ಬಲ ಕಿಟಕಿ ಸಾವಿನದು. ಎಷ್ಟೋ ಸಾವುಗಳು ಮನೆಯಲ್ಲೇ ಆಗುತ್ತವೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಸುಮಾರು ಶೇ 22.5ಕ್ಕೆ ಮಾತ್ರ. ಕಾರಣ ಬರೆಯದ ಸಾವನ್ನು ಫ್ಲೂ ಸಾವೆಂದಾಗಲಿ ಅಲ್ಲವೆಂದಾಗಲಿ ಹೇಳಲಾಗದು. ಆದರೆ ಸಾವು ನೋಂದಣಿಯಾಗಿದ್ದರೆ ಹೆಚ್ಚುವರಿ ಸಾವಿನ ಲೆಕ್ಕದಲ್ಲಾದರೂ ಅದು ಸೇರುತ್ತದೆ. ನೋಂದಣಿಯಾಗದಿದ್ದರೆ ಯಾವ ಲೆಕ್ಕದಲ್ಲೂ ಇಲ್ಲ. ಮನೆಯಲ್ಲಿ ಸಾವಾದಾಗ 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮ ಕುಟುಂಬದ ಕಾಗದಪತ್ರಗಳಿಗಾಗಿ ಮಾತ್ರ ಇರುವುದಲ್ಲ.

ಹಾಜರಿ ಪುಸ್ತಕದ ಪಾಠ

ಪ್ರತಿ ಶಾಲೆಯಲ್ಲೂ ಒಂದು ಕಣ್ಗಾವಲು ದಾಖಲೆ ಇದ್ದೇ ಇದೆ. ಅದು ಹಾಜರಿ ಪುಸ್ತಕ. ವಿದ್ಯಾರ್ಥಿಗಳಿಂದ ಕಳೆದ ಮೂರು ವರ್ಷಗಳ ವಾರವಾರದ ಗೈರುಹಾಜರಿಯ ಶೇಕಡಾ ಪ್ರಮಾಣವನ್ನು ಲೆಕ್ಕ ಹಾಕಿಸಿ. ಹಬ್ಬ, ಜಾತ್ರೆ, ಸುಗ್ಗಿಯ ವಾರಗಳನ್ನು ಗುರುತಿಸಲಿ. ಸರಾಸರಿ, ಮಾನಕ ವಿಚಲನೆ ತೆಗೆದು ಎಚ್ಚರಿಕೆಯ ಗೆರೆ ಎಳೆಯಲಿ. ಈ ವರ್ಷ ಯಾವ ವಾರ ಗೆರೆ ದಾಟಿತು? ಅದಕ್ಕೆ ಕಾರಣ ಜ್ವರವೇ, ಜಾತ್ರೆಯೇ? ಮಕ್ಕಳ ಹೆಸರು ಬಳಸದೆ, ಸಂಖ್ಯೆಗಳನ್ನಷ್ಟೇ ಬಳಸಿ ಇದನ್ನು ಮಾಡಬಹುದು. ಜ್ವರದಿಂದಲೇ ಒಂದು ವಾರ ಗೆರೆ ದಾಟಿದ್ದರೆ, ಆ ವಿಷಯವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕ್ಯಾಲಿಫೋರ್ನಿಯದ ಆ ಇಬ್ಬರು ಮಕ್ಕಳ ಜ್ವರ ಜಗತ್ತಿಗೆ ಸುದ್ದಿಯಾದದ್ದು ಅವರ ಕಾಯಿಲೆ ಗಂಭೀರವಾಗಿದ್ದುದರಿಂದಲ್ಲ. ಮಾದರಿ ತೆಗೆಯುವವರು, ಉತ್ತರ ಹೊಂದದಿದ್ದಾಗ ಮುಂದಕ್ಕೆ ಕಳಿಸುವವರು ಅಲ್ಲಿ ಮೊದಲೇ ಇದ್ದರು. ಪಿಡುಗು ಬಂದ ಮೇಲೆ ಹೊಸದಾಗಿ ಎಣಿಸಲು ಕೂತರೆ 'ಸಾಮಾನ್ಯ ಎಷ್ಟು' ಎಂಬುದೇ ಗೊತ್ತಿರುವುದಿಲ್ಲ. ಸಾಮಾನ್ಯ ತಿಳಿಯದೆ ಹೆಚ್ಚುವರಿ ತಿಳಿಯದು. ಆದ್ದರಿಂದಲೇ, ಏನೂ ವಿಶೇಷ ಇಲ್ಲದ ವಾರಗಳಲ್ಲೂ ಲೆಕ್ಕ ಬರೆದಿಡುವ ಆರೋಗ್ಯ ಕಾರ್ಯಕರ್ತೆಯ ಕೆಲಸ ಬಹಳ ದೊಡ್ಡದು.